ಖಾಲಿಯಿದ್ದದ್ದು ಏಳುತ್ತದೆ

ನಮ್ಮೂರಿನಲ್ಲಿ ಸಿರಿವಂತಿಕೆಯನ್ನು ಕೆಳಮುಖವಾಗಿ ಎಣಿಸುತ್ತಾರೆ. ಕಲ್ಲುಬೀದಿಗೆ ಹೆಣ್ಣು ಕೇಳಲು ಬಂದವರು ಚಹಾ ಕುಡಿಯುವ ಮೊದಲೇ ಕೇಳುವ ಪ್ರಶ್ನೆ, "ನಿಮ್ದು ಒಳಗ ಎಷ್ಟು ಅಂತಸ್ತು ಅದಾವ್ರಿ?" ಎಂಬುದು. ನೆಲದ ಮೇಲೆ ಕಾಣುವ ಅಂತಸ್ತಿಗೆ ಬೆಲೆಯಿಲ್ಲ. ಅದನ್ನು ಮೊನ್ನೆ ಮೊನ್ನೆ ತಲೆಯೆತ್ತಿದವರೂ ಕಟ್ಟುತ್ತಾರೆ. ಅಜ್ಜನ ಪಡಸಾಲೆ, ಮುತ್ತಜ್ಜನ ಜಗಲಿ, ಅವನಪ್ಪನ ತಲೆಬಾಗಿಲು ಒಂದರ ಕೆಳಗೊಂದು ಮರಳಿನಲ್ಲಿ ಹೂತು ಕೂತಿರಬೇಕು, ಆಗ ಮನೆತನ. ಚನ್ನಮಲ್ಲ ಸಾವ್ಕಾರರ ಮನೆಗೆ ಒಳಗೆ ನಾಲ್ಕು ಅಂತಸ್ತು. ಅವರ ಮುತ್ತಜ್ಜ ಮೀಸೆ ತಿರುವುತ್ತ ನಿಂತು ಊರು ನೋಡುತ್ತಿದ್ದ ಕಿಟಕಿ ಇವತ್ತಿಗೂ ಇದೆ. ಅಲ್ಲಿಂದ ನೋಡಿದರೆ ಹಸಿ ಮರಳು ಕಾಣುತ್ತದೆ.

ಇದಕ್ಕೆಲ್ಲ ಅಂಬಲಿ ಕಾರಣ. ಬೇರೆ ಊರಿನವರು ಭೂಕಂಪ ಅನ್ನುತ್ತಾರಂತೆ, ನಮಗೆ ಅಷ್ಟು ದೊಡ್ಡ ಮಾತು ಬೇಕಾಗಿಲ್ಲ. ನಮ್ಮೂರು ಕೂತಿರುವುದು ಹಳೆಯ ಹೊಳೆಯೊಂದರ ಪಾತ್ರದ ಮೇಲೆ. ಮೊಣಕಾಲುದ್ದ ತೋಡಿದರೆ ನೀರು, ಎಷ್ಟು ತೋಡಿದರೂ ಮರಳು. ವರ್ಷಕ್ಕೊಮ್ಮೆ ಭೂಮಿ ಮೈ ಕೊಡವುತ್ತದೆ. ಆಗ ಮರಳಿನ ಕಾಳುಗಳು ಒಂದನ್ನೊಂದು ಕೈಬಿಡುತ್ತವೆ, ಎಲ್ಲಿ ನೋಡಿದರಲ್ಲಿ ನೀರು ಬುಗ್ಗೆಯೇಳುತ್ತದೆ, ಅಲ್ಲಿಯ ತನಕ ನಡೆದಾಡುತ್ತಿದ್ದ ನೆಲ ಗಡಿಗೆಯಲ್ಲಿಯ ಅಂಬಲಿಯ ಹಾಗೆ ತುಳುಕುತ್ತದೆ. ಎಲೆಯಡಿಕೆ ಜಗಿದು ಉಗುಳುವಷ್ಟು ಹೊತ್ತು, ಅಷ್ಟೇ. ಆಮೇಲೆ ಮತ್ತೆ ಗಟ್ಟಿ, ಏನೂ ಆಗಿಯೇ ಇಲ್ಲವೆಂಬಂತೆ. ಆದರೆ ಆ ಹೊತ್ತಿನಲ್ಲಿ ಭಾರವಿದ್ದದ್ದು ಇಳಿದಿರುತ್ತದೆ, ಖಾಲಿಯಿದ್ದದ್ದು ಎದ್ದಿರುತ್ತದೆ. ಅದಕ್ಕೆ ಜಾತಿಯಿಲ್ಲ, ವಶೀಲಿ ನಡೆಯುವುದಿಲ್ಲ. ನಮ್ಮೂರಿನಲ್ಲಿ ಅಂಥದ್ದು ಅದೊಂದೇ.

ನಾವು ಜೊಂಡುಕೇರಿಯವರು. ಕಲ್ಲು ಮೇಲಿನವರಿಗೆ, ಜೊಂಡು ಕೆಳಗಿನವರಿಗೆ ಎಂದು ಕಲ್ಲುಬೀದಿಯ ಹಿರಿಯರು ಹಿಂದೆಯೇ ಕಟ್ಟಳೆ ಮಾಡಿಟ್ಟಿದ್ದರು. ಅವರ ಆ ಕೃಪೆಯಿಂದ ನಮ್ಮ ಮನೆಗಳು ಅಂಬಲಿಯಲ್ಲಿ ತೇಲುತ್ತವೆ. ಮುಗಿದ ಮೇಲೆ ನಾಲ್ವರು ನಾಲ್ಕು ಮೂಲೆ ಹಿಡಿದು ಮನೆಯನ್ನೆತ್ತಿ ಮೊದಲಿದ್ದಲ್ಲಿ ಇಡುತ್ತೇವೆ. ಒಲೆ ಹೊತ್ತಿಸುವ ಮೊದಲು ಸಲಿಕೆ ಹಿಡಿದು ಕಲ್ಲುಬೀದಿಗೆ ಓಡುತ್ತೇವೆ. ಬಾಗಿಲು ತೆರೆಯಲಾಗದೆ ಒಳಗೆ ಕೂತವರನ್ನು ಅಗೆದು ತೆಗೆಯಬೇಕಲ್ಲ. ಕೈ ಹಿಡಿದು ಎಳೆಯುವಂತಿಲ್ಲ, ಮೈಲಿಗೆ. ಹಗ್ಗದ ತುದಿ ಎಸೆಯುತ್ತೇವೆ, ಅವರು ಹಿಡಿದುಕೊಳ್ಳುತ್ತಾರೆ. ಹಗ್ಗಕ್ಕೆ ಮೈಲಿಗೆಯಿಲ್ಲ. ಇದನ್ನು ಯಾವ ಶಾಸ್ತ್ರದಲ್ಲಿ ಬರೆದಿದೆ ಎಂದು ಕೇಳಿದವರು ಯಾರೂ ಇಲ್ಲ, ಏಕೆಂದರೆ ಕೇಳುವ ಹೊತ್ತಿನಲ್ಲಿ ಅವರ ಬಾಯಿಯ ತನಕ ಮರಳಿರುತ್ತದೆ.

ಅಂಬಲಿಯಲ್ಲಿ ಮೇಲೆದ್ದ ವಸ್ತುಗಳಿಗೆ ಒಂದು ದಫ್ತರವಿದೆ. ಹಿಂದಿನವರು ಹೂತಿಟ್ಟ ಪೆಟ್ಟಿಗೆ, ಮುಚ್ಚಿದ ಹಂಡೆ, ಪೀಪಾಯಿ ಎಲ್ಲ ಏಳುತ್ತಿದ್ದವು, ದಾಯಾದಿಗಳು ಬಡಿದಾಡುತ್ತಿದ್ದರು. ಅದಕ್ಕೇ ಕಲ್ಲುಬೀದಿಯವರೇ ಕೂತು ಬರೆದ ಕಟ್ಟಳೆ ಅದು. ಎದ್ದ ವಸ್ತುವಿನ ಮೇಲೆ ಕೈಯಿಟ್ಟು ಮೂರು ಮಾತು ಹೇಳಬೇಕು: ಮೇಲೆ ಬಂದದ್ದು ನನ್ನದು, ಒಳಗಿರುವುದು ನನ್ನದು, ನಿಂತ ನೆಲ ನನ್ನದು. ಮೊದಲ ಎರಡು ದಿನ ಆ ಜಾಗದವನ ಸರದಿ. ಮೂರನೆಯ ದಿನ ಊರಿನ ಯಾವ ಕೈಯಾದರೂ ಸರಿ. ಕೈಯಿಡುವ ತನಕ ಅದನ್ನು ಒಡೆಯುವಂತಿಲ್ಲ, ಸರಿಸುವಂತಿಲ್ಲ. ಮೂರನೆಯ ದಿನ ಹೊತ್ತು ಮುಳುಗಿದರೂ ಯಾರೂ ಕೈಯಿಡದಿದ್ದರೆ ಅದು ದಿಕ್ಕಿಲ್ಲದ್ದು. ಕಲ್ಲು ಹೇರಿ ಮತ್ತೆ ನೆಲಕ್ಕೆ ಇಳಿಸುತ್ತಾರೆ, ಆಮೇಲೆ ಅದರ ಮಾತೆತ್ತುವಂತಿಲ್ಲ. ದಫ್ತರದಲ್ಲಿ ಬರೆದದ್ದನ್ನು ದೇವರು ಬಂದರೂ ಅಳಿಸುವಂತಿಲ್ಲ. 'ಯಾವ ಕೈಯಾದರೂ' ಎಂದು ಬರೆದವರ ಕಣ್ಣಮುಂದೆ ಇದ್ದದ್ದು ಅವರವರ ದಾಯಾದಿಗಳ ಕೈಗಳು. ಜೊಂಡುಕೇರಿಯವರಿಗೂ ಕೈಗಳಿವೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಅವರು ನಮ್ಮ ಸಲಿಕೆಗಳನ್ನಷ್ಟೇ ನೋಡಿದ್ದರು.

ಇದೆಲ್ಲ ನಮಗೆ ಗೊತ್ತಾದದ್ದೂ ಅಂಬಲಿಯಿಂದಲೇ. ಒಂದು ವರ್ಷ ದಫ್ತರಖಾನೆಯೇ ಕುತ್ತಿಗೆಮಟ್ಟ ಇಳಿದುಹೋಯಿತು. ಅಗೆಯಲು ಹೋದ ನಮ್ಮವರು ತೊಯ್ದ ಕಟ್ಟಳೆ ಪುಸ್ತಕವನ್ನು ಒಣಗಿಸಿ ಕೊಡುತ್ತೇವೆಂದು ಕೇರಿಗೆ ತಂದರು. ಒಣಗಲು ಹನ್ನೊಂದು ದಿನ ಹಿಡಿಯಿತು. ಎರಡನೆಯ ದಿನವೇ ಒಣಗಿತ್ತು ಎನ್ನುವುದು ಬೇರೆ ಮಾತು. ಉಳಿದ ಒಂಬತ್ತು ದಿನ ನಮ್ಮ ಓದುವ ಕೂಟದವರು ಹಗಲೆಲ್ಲ ಕೂತು ಅದನ್ನು ಅಕ್ಷರ ಬಿಡದೆ ನಕಲು ಮಾಡಿಕೊಂಡೆವು. ಕೂಟದಲ್ಲಿ ಆಗ ನಮ್ಮ ಬಳಿ ಇದ್ದ ಪುಸ್ತಕಗಳು ಮೂರು. ಇದು ನಾಲ್ಕನೆಯದು. ನಮ್ಮವ್ವ ಹುಲಿಗೆವ್ವನಿಗೆ ಓದು ಬಾರದು. ನಾನು ಓದುತ್ತಿದ್ದೆ, ಅವಳು ಜೊಂಡು ಹೆಣೆಯುತ್ತ ಕೇಳುತ್ತಿದ್ದಳು. "ಗಾಳೆವ್ವಾ, ಆ ಮೂರು ಮಾತು ಇನ್ನೊಮ್ಮೆ ಓದು," ಎನ್ನುತ್ತಿದ್ದಳು. ಇನ್ನೊಮ್ಮೆ ಓದುತ್ತಿದ್ದೆ. ಆಗ ಅದು ನಮಗೆ ನಗುವ ಸಂಗತಿಯಾಗಿತ್ತು.

ಆಮೇಲೆ ನನ್ನಣ್ಣ ಯಮನೂರ ಕಾಣೆಯಾದ. ಕಾಣೆಯಾದ ಎನ್ನುವುದು ಕಲ್ಲುಬೀದಿಯ ಮಾತು. ಸಾವ್ಕಾರರ ಮಗಳ ನಿಶ್ಚಿತಾರ್ಥಕ್ಕೆ ಬೀಗರು ಬರುವವರಿದ್ದರು, ಅದೇ ಹೊತ್ತಿಗೆ ಮನೆಯೆದುರಿನ ಬಯಲಲ್ಲಿದ್ದ ಪಾಯಖಾನೆಯ ತೊಟ್ಟಿ ಕಟ್ಟಿಕೊಂಡಿತ್ತು. ಬೆಳಿಗ್ಗೆ ಅಣ್ಣನಿಗೆ ಕರೆ ಬಂತು.

"ಬ್ಯಾಡ ಮಗನ," ಎಂದಳು ಅವ್ವ. "ಆ ತೊಟ್ಟಿ ಬಾಯಿ ತಗದು ಮೂರು ವರ್ಷಾತು. ಒಳಗಿನ ಗಾಳಿ ಕೆಟ್ಟಿರತೈತಿ."

"ನಾ ಒಲ್ಲೆ ಅಂದ್ರ ಇನ್ನೊಬ್ಬನ್ನ ಇಳಸ್ತಾರವ್ವಾ. ಅವರು ತುಂಬ್ಸೂದು ಬಿಡೂದಿಲ್ಲ, ನಾವು ಖಾಲಿ ಮಾಡೂದು ಬಿಡೂದಿಲ್ಲ. ಇಬ್ಬರಿಗೂ ಪುರುಸೊತ್ತಿಲ್ಲ ನೋಡು," ಎಂದು ನಗುತ್ತ ಹಗ್ಗ ಹೆಗಲಿಗೆ ಹಾಕಿಕೊಂಡು ಹೋದ.

ಮಧ್ಯಾಹ್ನ ಅವ್ವ ರೊಟ್ಟಿಗಂಟು ಹಿಡಿದು ಹೋದಾಗ ಬಯಲಿನಲ್ಲಿ ಅಣ್ಣನ ತಳ್ಳುಗಾಡಿ ನಿಂತಿತ್ತು. ಹಗ್ಗ ಸುರುಳಿ ಸುತ್ತಿ ಗೋಡೆಗೆ ಒರಗಿಸಿಟ್ಟಿತ್ತು. ತೊಟ್ಟಿಯ ಬಾಯಿಗೆ ಹಸಿ ಸಿಮೆಂಟು ಮೆತ್ತಿತ್ತು. ಸಾವ್ಕಾರರು ಜಗಲಿಯ ಮೇಲೆ ನಿಂತಿದ್ದರು.

"ನನ್ನ ಮಗ ಎಲ್ಲಿ ಅದಾನ್ರಿ?"

"ಹ್ವಾದ. ಕೆಲಸ ಅರ್ಧಕ್ಕ ಬಿಟ್ಟು ಹ್ವಾದ. ನನಗ ಹೇಳಿ ಹೋಗ್ತಾನೇನು ನಿನ್ನ ಮಗ?"

"ಮತ್ತ ತೊಟ್ಟಿಗ್ಯಾಕ ಸಿಮೆಂಟ್ ಬಡದೀರಿ?"

"ಯಾವ ತೊಟ್ಟಿ?" ಎಂದರು ಸಾವ್ಕಾರರು. "ನಮ್ಮ ಜಾಗದಾಗ ತೊಟ್ಟಿನ ಇಲ್ಲ."

ಎಂಟೇ ದಿನದಲ್ಲಿ ಆ ಸಿಮೆಂಟಿನ ಮೇಲೆ ಕಟ್ಟೆ ಎದ್ದಿತು. ಕಟ್ಟೆಯ ಮೇಲೆ ಸಾವ್ಕಾರರ ಅಜ್ಜನ ಕಲ್ಲಿನ ಮೂರ್ತಿ ನಿಂತಿತು. ಪೇಟ, ಕೋಲು, ಊರನ್ನು ಹರಸುವ ಕೈ. ಪೊಲೀಸರು ನಮಗೆ ಬುದ್ಧಿ ಹೇಳಿದರು: ಹೆಣ ತೋರಿಸಿ, ಆಮೇಲೆ ಸಾವಿನ ಮಾತಾಡಿ. ನಮ್ಮ ಕೂಟದವರು ಅರ್ಜಿ ಬರೆದೆವು. ಪುರಸಭೆಯ ಅಧ್ಯಕ್ಷರೂ ಸಾವ್ಕಾರರೇ ಆದ್ದರಿಂದ ಅರ್ಜಿಯನ್ನು ಅವರ ಕೈಗೇ ಕೊಡಬೇಕಾಯಿತು. ಅವರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಭಾಳ ಭಾರ ಐತಲ್ರಪ್ಪ," ಎಂದರು. ಭಾರವಿದ್ದದ್ದು ಇಳಿಯುತ್ತದೆ. ಅದು ಎಲ್ಲಿ ಇಳಿಯಿತೋ ಇವತ್ತಿಗೂ ಎದ್ದಿಲ್ಲ.

ಅವ್ವ ಮಾತ್ರ ಅಳಲಿಲ್ಲ. "ಅರ್ಧಕ್ಕ ಬಿಡೂ ಮಗ ಅಲ್ಲ ಅಂವ," ಎಂದಳು. "ಹೊಲದ ಕಡೆ ಹೋದ ಗಾಡೀ ಗಾಲಿ ಗುರ್ತು ಎಣಿಸೀನಿ. ಹದಿನಾಲ್ಕು ಸಲ ಹೋಗಿ ಬಂದಾನ. ತೊಟ್ಟಿ ಖಾಲಿ ಮಾಡ್ಯಾನ. ತಳದ ರಾಡಿ ಬಳಿಯಾಕ ಇಳದಾಗ ಒಳಗ ಉಳದಾನ. ಖಾಲಿಯಿದ್ದದ್ದು ಏಳತೈತಿ, ಗಾಳೆವ್ವಾ. ಅವನ ಕೆಲಸಾನ ಅವನ್ನ ಎಬ್ಬಸತೈತಿ." ಹಾಗೆ ಇಡೀ ಊರಿನಲ್ಲಿ ಅಂಬಲಿಯನ್ನು ಬೇಡುವವಳು ಅವ್ವ ಒಬ್ಬಳೇ ಆದಳು.

ಬೇಡುವವಳು ಸಿಕ್ಕ ಕೂಡಲೇ ಅಂಬಲಿ ಬರುವುದನ್ನು ನಿಲ್ಲಿಸಿತು. ಒಂದು ವರ್ಷ ಕಳೆಯಿತು. ಎರಡು ಕಳೆದವು. ಕಲ್ಲುಬೀದಿಯವರು ಇದು ಅಜ್ಜನ ಮೂರ್ತಿಯ ಮಹಿಮೆ ಎಂದರು. ಅವ್ವ ದಿನಾ ಬೆಳಿಗ್ಗೆ ಕಲ್ಲುಬೀದಿ ಗುಡಿಸಲು ಹೋಗುವವಳು, ಕಟ್ಟೆಯ ಸುತ್ತ ಹಿಮ್ಮಡಿಯಿಂದ ನೆಲ ಒತ್ತಿ ಒತ್ತಿ ನೋಡುವಳು. ಕೇರಿಯಲ್ಲಿ ಎಲ್ಲರಿಗಿಂತ ಹಿರಿಯನಾದ ದುರ್ಗಜ್ಜ, ಹರೆಯದಲ್ಲಿ ಬಾವಿ ತೋಡುತ್ತಿದ್ದವನು, ಅವಳನ್ನು ಕಾಡಿಸುತ್ತಿದ್ದ. "ಹಿಮ್ಮಡೀಲೆ ಒದ್ರ ಭೂಮ್ತಾಯಿ ಏಳ್ತಾಳೇನ ಹುಲಿಗೆವ್ವಾ?"

"ಒದಿಯಾಕತ್ತಿಲ್ಲ ಮಾವ, ಬಾಗಲಾ ಬಡಿಯಾಕತ್ತೀನಿ."

ಮೂರನೆಯ ವರ್ಷ ಯೋಜನೆ ಬಂತು. ನೆಲ ಗಟ್ಟಿಗೊಳಿಸುವ ಯೋಜನೆ. ಆನೆ ತೂಕದ ಕಬ್ಬಿಣದ ಗುಂಡನ್ನು ಯಂತ್ರದಿಂದ ಎತ್ತಿ ಎತ್ತಿ ಕುಕ್ಕಿದರೆ ಮರಳು ಬಿಗಿಯುತ್ತದಂತೆ, ಆಮೇಲೆ ನೂರು ವರ್ಷ ಅಂಬಲಿಯಿಲ್ಲವಂತೆ. ಇಳಿಯಬೇಕಾದದ್ದು ಇಳಿಯುವುದಿಲ್ಲ, ಏಳಬೇಕಾದದ್ದು ಏಳುವುದಿಲ್ಲ. ಇದಕ್ಕೆ ಅವರು ಅಭಿವೃದ್ಧಿ ಎಂದು ಹೆಸರಿಟ್ಟಿದ್ದರು. ಹೆಸರು ಸರಿಯಾಗಿಯೇ ಇತ್ತು. ಆ ಸುದ್ದಿ ಕೇಳಿದ ದಿನ ಅವ್ವ ಮೊದಲ ಸಲ ಉಣ್ಣದೆ ಮಲಗಿದಳು.

ಯಂತ್ರದ ಜೊತೆ ಬಂದ ಎಂಜಿನಿಯರಮ್ಮ ಪರವೂರಿನವಳು, ಪಾಪ, ಪುಸ್ತಕ ಓದಿದವಳು. ಬೀದಿ ಗುಡಿಸುತ್ತಿದ್ದ ನಮ್ಮ ಎದುರಿಗೇ ಅವಳು ಸಾವ್ಕಾರರಿಗೆ ಹೇಳಿದಳು: "ಸರ್, ಊರ ಅಂಚಿನ ಬಯಲಿಂದ ಶುರು ಮಾಡ್ಬೇಕು. ಮೊದ್ಲು ಜಲ್ಲಿ ಗುಂಡಿ ತೋಡಿ ಕೆಳಗಿನ ನೀರು ಹೊರಗೆ ಬರೋಕೆ ದಾರಿ ಮಾಡ್ಬೇಕು. ಇಲ್ದಿದ್ರೆ..."

"ಅಂಚು ಅಂದ್ರ ಜೊಂಡುಕೇರಿ," ಎಂದರು ಸಾವ್ಕಾರರು. "ಮೊದಲ ಪೆಟ್ಟು ಅಲ್ಲಿ ಬಿದ್ದರ ಕಲ್ಲುಬೀದಿ ಮರ್ಯಾದಿ ಎಲ್ಲಿ ಉಳೀತ್ರಿ? ಹೊಸಾದು ಏನ ಬಂದರೂ ಮೊದಲ ಇಲ್ಲಿ. ದೀಪ ಮೊದಲ ಇಲ್ಲಿ ಬಂತು, ನಳ ಮೊದಲ ಇಲ್ಲಿ ಬಂತು."

"ಸರ್, ನೀರಿಗೆ ದಾರಿ..."

"ಕೆಳಗಿನದಕ್ಕ ನಾವ್ಯಾಕ ದಾರಿ ಮಾಡ್ಬೇಕ್ರಿ? ಕೆಳಗಿಂದು ಕೆಳಗ ಇರತೈತಿ. ಅದ ಅದರ ಧರ್ಮ."

ಮುಹೂರ್ತ ನೋಡಿ ಮಟಮಟ ಮಧ್ಯಾಹ್ನ ಮೂರ್ತಿಯ ಪಕ್ಕದಲ್ಲೇ ಯಂತ್ರ ನಿಲ್ಲಿಸಿದರು. ಬಾಜಾ ಬಜಂತ್ರಿ, ಕಬ್ಬಿಣದ ಗುಂಡಿಗೆ ಮಲ್ಲಿಗೆ ಹಾರ, ಸಾಲಾಗಿ ಹಾಕಿದ ಕುರ್ಚಿಗಳು. ನಾವು ಹಗ್ಗದಾಚೆ ನಿಂತಿದ್ದೆವು. ಮೊದಲ ಪೆಟ್ಟಿಗೆ ಕಿಟಕಿಗಳು ಗಲಗಲ ಎಂದವು, ಚಪ್ಪಾಳೆ ಬಿತ್ತು. ಎರಡನೆಯ ಪೆಟ್ಟಿಗೆ ಮೂರ್ತಿಯ ಕಾಲಡಿ ಅಂಗೈಯಗಲ ನೀರು ಜಿನುಗಿತು. ಅದನ್ನು ನೋಡಿದ ದುರ್ಗಜ್ಜ ಸದ್ದಿಲ್ಲದೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದ. ಮೂರನೆಯದು ಬಿದ್ದ ಕೂಡಲೇ ನೆಲ ಉತ್ತರ ಕೊಟ್ಟಿತು. ಯಂತ್ರವೇ ಎಬ್ಬಿಸಿತೋ, ಎರಡು ವರ್ಷ ತಡೆದುಕೊಂಡ ಭೂಮಿಯ ಸರದಿಯೇ ಬಂದಿತ್ತೋ, ಎಂಜಿನಿಯರಮ್ಮ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಬೀದಿಯ ತುಂಬ ಮರಳಿನ ಬುಗ್ಗೆಗಳೆದ್ದವು. ಕುರ್ಚಿಗಳು ಕೂತವರ ಸಮೇತ ಇಳಿದವು. ಹಾರ ಹಾಕಿಕೊಂಡ ಗುಂಡು ಯಂತ್ರವನ್ನೂ ಎಳೆದುಕೊಂಡು ಹೋಯಿತು. ಅಜ್ಜನ ಮೂರ್ತಿ ಕಟ್ಟೆಯ ಸಮೇತ ಮೊದಲು ಒಂದು ಕಡೆ ವಾಲಿತು, ಆಮೇಲೆ ಜಾರಿತು, ಆಮೇಲೆ ಹರಸುವ ಕೈಯೊಂದನ್ನು ಬಿಟ್ಟು ಪೂರ್ತಿ ಮುಳುಗಿತು. ಎದೆಯ ಮೇಲಿನ ಭಾರ ಜಾರಿದ ಆ ಜಾಗದಲ್ಲಿ, ಎಮ್ಮೆ ಕೆರೆಯಿಂದ ಏಳುವ ಹಾಗೆ, ನೀರು ಸುರಿಸುತ್ತ ತೊಟ್ಟಿ ಎದ್ದಿತು. ಬಾಯಿಯ ಸಿಮೆಂಟು ಹಾಗೆಯೇ ಇತ್ತು. ನೆಲ ಗಟ್ಟಿಯಾಯಿತು. ಬಾಜಾದವನ ಡೋಲು ಒಂದು ಸ್ವಲ್ಪ ದೂರದಲ್ಲಿ ತೇಲಿ ನಿಂತಿತ್ತು.

ಅವ್ವ ತೊಟ್ಟಿಯತ್ತ ಓಡುತ್ತಾಳೆ ಎಂದುಕೊಂಡಿದ್ದೆ. ಅವಳು ಓಡಲಿಲ್ಲ. ಸೊಂಟದ ತನಕ ಹೂತಿದ್ದ ಸಾವ್ಕಾರರ ಹತ್ತಿರ ಹೋಗಿ, ಕೈಯಲ್ಲಿದ್ದ ಹಗ್ಗದ ತುದಿ ಎಸೆದಳು. ಅದು ಅಣ್ಣನ ಹಗ್ಗ. ಎರಡೂವರೆ ವರ್ಷ ಅದನ್ನು ಸೊಂಟಕ್ಕೆ ಸುತ್ತಿಕೊಂಡೇ ತಿರುಗಿದ್ದಳು. "ಹಿಡೀರಿ ಸಾವ್ಕಾರ್ರ," ಎಂದಳು. "ನಿಮ್ಮ ಜೀವಂತ ಕೈ ಬೇಕಾಗೈತಿ."

ದಫ್ತರದ ಗುಮಾಸ್ತ ನಾಗಭೂಷಣರು ಸಂಜೆಯೊಳಗೆ ಬಂದು ಬರೆದುಕೊಂಡರು: ತೊಟ್ಟಿ, ಒಂದು. ಬಾಯಿ ಮುಚ್ಚಿದ್ದು. ಮೊದಲ ದಿನ ಸಾವ್ಕಾರರು, "ಇದು ನಮ್ದಲ್ಲ, ಯಾವ ರಾಜರ ಕಾಲದ್ದೋ ಏನೋ," ಎಂದರು. ಎರಡನೆಯ ದಿನವೂ ಅದನ್ನೇ ಅಂದರು. ನಲವತ್ತು ವರ್ಷ ಆ ತೊಟ್ಟಿಯನ್ನು ತುಂಬಿಸಿದವರಿಗೆ ಅದರ ಪರಿಚಯವೇ ಇರಲಿಲ್ಲ. ಕಲ್ಲುಬೀದಿಯ ಉಳಿದವರೂ ಮೂಗಿಗೆ ಬಟ್ಟೆ ಹಿಡಿದುಕೊಂಡು, ವಾಸನೆ ಏನೂ ಬರುತ್ತಿಲ್ಲ ಎಂದರು. ಲೆಕ್ಕಾಚಾರ ಸರಳವಿತ್ತು. ಮೂರನೆಯ ಸಂಜೆ ದಾಟಿದರೆ ತೊಟ್ಟಿ ದಿಕ್ಕಿಲ್ಲದ್ದು. ಹೇರಲು ಕಲ್ಲುಗಳನ್ನು ಆಗಲೇ ತಂದು ಒಟ್ಟಿದ್ದರು. ಹೊರಲು ನಮ್ಮವರಿಗೇ ಹೇಳಿ ಕಳಿಸಿದ್ದರು.

ಮೂರನೆಯ ದಿನ ಇಡೀ ಕೇರಿ ಬಯಲಿನಲ್ಲಿ ಕೂತಿತ್ತು. ಹೊತ್ತು ಇಳಿಯತೊಡಗಿತು. ನನಗೆ ತಡೆಯಲಾಗಲಿಲ್ಲ. "ಅವ್ವಾ, ಇವತ್ತ ಯಾವ ಕೈಯಾದರೂ ನಡಿತೈತಿ. ನೀ ಕೈಯಿಡು. ಅಣ್ಣನ್ನ ತಗೊಂಡು ಹೋಗೂಣು. ಇಲ್ಲಾಂದ್ರ ಮತ್ತ ಹೂಳ್ತಾರ."

"ನಾ ಕೈಯಿಟ್ರ ಒಳಗಿರೂದು ನಂದಾಗತೈತಿ," ಎಂದಳು ಅವ್ವ. "ಅಂವ ನನ್ನವನ ಅಂತ ಬರಸಾಕ ಇವರ ದಫ್ತರ ಯಾಕ ಬೇಕ ನನಗ? ಹೆತ್ತಾಕಿ ಅದೀನಿ. ಅವನ್ನ ಕೊಂದದ್ದೂ ನಾನ ಅಂತ ಆಗಬೇಕೇನು? ತೊಟ್ಟಿ ನಿಂದು, ಹೆಣ ನಿಂದು, ನಮ್ಮನ್ಯಾಕ ಕೇಳ್ತಿ ಅಂತಾರ."

"ಮತ್ತ ಯಾರು ಕೈಯಿಡಬೇಕು?"

"ಆ ಮೂರನೇ ಮಾತು ಇನ್ನೊಮ್ಮೆ ಹೇಳು."

"ನಿಂತ ನೆಲ ನನ್ನದು," ಎಂದೆ.

ಅವ್ವ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಂತೆಯಲ್ಲಿ ಕೂಗುವವಳಂತೆ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. "ಗುಮಾಸ್ತರ, ಯಾವ ಕೈಯಾದರೂ ಅಂದ್ರ ಈ ಕೈನೂ ಬರತೈತೇನ್ರಿ?"

ನಾಗಭೂಷಣರು ಪುಟ ಮಗುಚಿದರು, ಸಾವ್ಕಾರರ ಮುಖ ನೋಡಿದರು, ಮತ್ತೆ ಪುಟ ಮಗುಚಿದರು. "ಪುಸ್ತಕದಾಗ... ಊರಿನ ಯಾವ ಕೈಯಾದರೂ ಅಂತ ಐತಿ."

"ನೆಲಾನೂ ಸಿಗತೈತೇನ್ರಿ?"

"ಸುತ್ತ ಹನ್ನೆರಡು ಮೊಳ."

"ಸಾಕ್ರಿ. ನಮ್ಮ ಜೊಂಡಿನ ಮನಿಗೆ ಎಂಟು ಮೊಳ ಸಾಕು. ಇನ್ನ ನಾಕು ಮೊಳದಾಗ ಕೋಳಿಗೂಡು," ಎಂದಳು ಅವ್ವ. ತಿರುಗಿ ಕೇರಿಯವರಿಗೆ ಹೇಳಿದಳು. "ನಾಳೆ ಮನಿ ಎತ್ಕೊಂಡು ಬರ್ರಪ್ಪ. ಬಾಗಲಾ ಸಾವ್ಕಾರ್ರ ಬಾಗಲದ ಎದುರಿಗೇ ಇಡ್ರಿ. ದಿನಾ ಎದ್ದ ಕೂಡ್ಲೆ ಅವರು ನನ್ನ ಮಾರಿ ನೋಡ್ತಾರ, ನಾ ಅವರ ಮಾರಿ ನೋಡ್ತೀನಿ."

ಕಲ್ಲುಬೀದಿಯ ಜಗಲಿಗಳಲ್ಲಿ ಗುಜುಗುಜು ಎದ್ದಿತು. ಯಾರೋ ಹೆಂಗಸು, "ಅಯ್ಯ ಶಿವನ, ಬೀದಿ ನಟ್ಟನಡುವ!" ಎಂದಳು. ಯಾರೋ, "ಸಾವ್ಕಾರ್ರ, ನೋಡಕೊಂತ ನಿಂತೀರೇನು?" ಎಂದರು. ಅವ್ವ ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ತೊಟ್ಟಿಯ ಮುಂದೆ ಹೋಗಿ ನಿಂತಳು. ಬಲಗೈಯನ್ನು ಎತ್ತಿದಳು. ಇಷ್ಟು ನಿಧಾನವಾಗಿ ಕೈ ಎತ್ತಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಕೈ ತೊಟ್ಟಿಗೆ ಒಂದು ಗೇಣು ದೂರವಿತ್ತು. ಆಮೇಲೆ ನಾಲ್ಕು ಬೆರಳು. ಆಮೇಲೆ ಎರಡು. ಅಲ್ಲೇ ನಿಂತಿತು.

ಸಾವ್ಕಾರರು ಜಗಲಿಯಿಂದ ಜಿಗಿದರು. ಅರವತ್ತು ದಾಟಿದವರು ಹಾಗೆ ಜಿಗಿಯಬಾರದು. ಒಂದು ಕೈಯಿಂದ ಅವ್ವನ ಮುಂಗೈ ಹಿಡಿದು ಪಕ್ಕಕ್ಕೆ ತಳ್ಳಿದರು. ಹಗ್ಗವಿಲ್ಲದೆ ನಮ್ಮವರನ್ನು ಅವರು ಮುಟ್ಟಿದ್ದು ಅದೇ ಮೊದಲು. ಇನ್ನೊಂದು ಕೈಯನ್ನು ತೊಟ್ಟಿಯ ಮೇಲೆ ಬಡಿದರು. "ನಂದು!" ಎಂದು ಕೂಗಿದರು. "ಮೇಲೆ ಬಂದದ್ದು ನಂದು, ಒಳಗಿರೂದು ನಂದು, ನಿಂತ ನೆಲ ನಂದು!" ನಾಲ್ಕು ತಲೆಮಾರು ಹೇಳಿ ಹೇಳಿ ರೂಢಿಯಾದ ಮಾತು, ಒಂದೇ ಉಸಿರಿಗೆ ಬಂತು. ಬೀದಿಯವರು ನಿಟ್ಟುಸಿರು ಬಿಟ್ಟರು. ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ನೆಲ ಉಳಿದಿತ್ತು.

ಅವ್ವ ತನ್ನ ಕೈಯನ್ನು ಇಳಿಸಿ ಸೆರಗಿನಲ್ಲಿ ಒರೆಸಿಕೊಂಡಳು. ಅವಳ ಬೆರಳು ತೊಟ್ಟಿಗೆ ತಾಗಿರಲಿಲ್ಲ. "ಬರಕೊಂಡ್ರೇನ್ರಿ ಗುಮಾಸ್ತರ?"

"ಬರಕೊಂಡೆ."

"ಎರಡನೇ ಮಾತು ಓದ್ರಿ."

ನಾಗಭೂಷಣರು ಓದಿದರು. "ಒಳಗಿರುವುದು ಚನ್ನಮಲ್ಲ ಸಾವ್ಕಾರರದು." ಓದಿ ಮುಗಿಸಿದ ಮೇಲೆ ಅವರಿಗೇ ಅರ್ಥವಾಯಿತು. ಸಾವ್ಕಾರರು ಬಿಸಿ ಕಾವಲಿ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. "ಆತುರದಾಗ ಅಂದೆ... ಅಳಸ್ರಿ ಅದನ್ನ," ಎಂದರು. ಗುಮಾಸ್ತರು ತಲೆಯೆತ್ತದೆ, ದೇವರು ಬಂದರೂ ಅಳಿಸುವಂತಿಲ್ಲ ಎಂಬ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಅದು ಸಾವ್ಕಾರರ ಮುತ್ತಜ್ಜನ ಕೈಬರಹ.

"ಕೈ ಬಿತ್ತು. ಇನ್ನ ಒಡೀಬಹುದು," ಎಂದಳು ಅವ್ವ. ಕಲ್ಲು ಹೊರಲು ಕರೆಸಿದ್ದ ನಮ್ಮವರೇ ಹಾರೆ ತಂದರು. ದುರ್ಗಜ್ಜ ಮೊದಲ ಪೆಟ್ಟು ಹಾಕಿದ. ಸಿಮೆಂಟು ಬಿರಿಯುವ ತನಕ ಅವ್ವ ಅಲ್ಲೇ ನಿಂತಿದ್ದಳು. ಬಿರಿದ ಮೇಲೆ ನೋಡಲಾರದೆ ನನ್ನ ಹೆಗಲಿಗೆ ಮುಖ ಒತ್ತಿದಳು. ಎರಡೂವರೆ ವರ್ಷದ ಅಳು ಆಗ ಬಂತು. ಅಷ್ಟರಲ್ಲಿ ಪೊಲೀಸರೂ ಬಂದರು. ಹೆಣ ತೋರಿಸಿ ಎಂದು ಈ ಸಲ ಅವರು ಹೇಳಲಿಲ್ಲ. ದಫ್ತರ ಓದಿ, ಟೊಪ್ಪಿಗೆ ಸರಿಮಾಡಿಕೊಂಡು, ಸಾವ್ಕಾರರನ್ನು ಬಹಳ ಮರ್ಯಾದೆಯಿಂದ ಜೀಪಿನ ಹತ್ತಿರ ಕರೆದರು.

ಗುಮಾಸ್ತರು ಲೇಖನಿ ಹಿಡಿದು ಕಾಯುತ್ತಿದ್ದರು. ಒಳಗೆ ಸಿಕ್ಕಿದ್ದನ್ನು ಏನೆಂದು ಬರೆಯಲಿ ಎಂದು ಕೇಳಿದರು. ಅವ್ವ ಮುಖ ಎತ್ತಿ, "ಹೆಸರು ಬರೀರಿ," ಎಂದಳು. ಅವರು ಬರೆದರು, ಯಮನೂರ, ತಾಯಿ ಹುಲಿಗೆವ್ವ, ಜೊಂಡುಕೇರಿ. ನೂರು ವರ್ಷ ದಾಟಿದ ಆ ದಫ್ತರದಲ್ಲಿ ನಮ್ಮ ಕೇರಿಯ ಮೊದಲ ಹೆಸರು ಬಂದದ್ದು ಹಾಗೆ. ಹೋಗಿ ನೋಡಿದರೆ ಇವತ್ತಿಗೂ ಇದೆ, ಚನ್ನಮಲ್ಲ ಸಾವ್ಕಾರರ ಸ್ವತ್ತಿನ ಪಟ್ಟಿಯಲ್ಲಿ, ತೊಟ್ಟಿಯ ಕೆಳಗೆ, ನೆಲದ ಮೇಲೆ.